ಡ್ರೈವರನ ಡಿಎಲ್ ಅಮಾನತಾಗಿತ್ತು, ಆರೋಪಿ ನಂಬರ್ 2 ನಾನಾದೆ

ನಮ್ಮದು ಅರಸೀಕೆರೆ ಕಡೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಅಂಗಡಿ, ಗಿರಾಕಿ, ಆಳುಗಳನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಲೆಕ್ಕ, ಬ್ಯಾಂಕು, ಕಾಗದಪತ್ರ ನನ್ನ ಪಾಲಿನದು. ಸಾಮಾನು ಸಾಗಿಸುವ ಸಣ್ಣ ಗೂಡ್ಸ್ ಗಾಡಿಯನ್ನು ಸಾಲದ ಅನುಕೂಲಕ್ಕೆಂದು ನನ್ನ ಹೆಸರಿನಲ್ಲಿ ತೆಗೆದಿದ್ದೆವು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅನ್ನುತ್ತದೆ ಮೋಟಾರು ವಾಹನ ಕಾಯ್ದೆ. ಸ್ಟೀರಿಂಗ್ ಹಿಡಿಯಲೂ ಬಾರದ ನಾನು ಕೋರ್ಟಿನ ಮೆಟ್ಟಿಲು ಹತ್ತಿದ್ದು ಆ ಒಂದು ಸಾಲಿನಿಂದ.

2023ರ ಮಾರ್ಚ್, ಮದುವೆಗಳ ಕಾಲ. ನಮ್ಮ ಡ್ರೈವರ್ ತಿಪಟೂರು ಕಡೆಯ ಹುಡುಗ, ಮೂವತ್ತು ಆಗಿರಲಿಲ್ಲ. ಛತ್ರವೊಂದರಿಂದ ಕೊಳಗ, ಕಡಾಯಿ ತುಂಬಿಕೊಂಡು ಬರುತ್ತಿದ್ದಾಗ ಅಡ್ಡರಸ್ತೆಯಿಂದ ಬಂದ ಸ್ಕೂಟರಿಗೆ ಗಾಡಿ ತಾಗಿತು. ಸ್ಕೂಟರಿನವರು ಬಿದ್ದು ಮುಂಗೈ ಮೂಳೆ ಮುರಿಯಿತು. ಇವನು ಓಡಿಹೋಗಲಿಲ್ಲ. ಅವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿ, ಯಜಮಾನರಿಗೆ ಫೋನ್ ಮಾಡಿ, ಗಾಡಿ ಹತ್ತಿರವೇ ನಿಂತಿದ್ದ. ಪೊಲೀಸರು ಬಂದು ಡಿಎಲ್ ಕೇಳಿದರು. ಲ್ಯಾಮಿನೇಷನ್ ಮಾಡಿಸಿದ ಜೆರಾಕ್ಸ್ ಕೊಟ್ಟ. ಅವರು ತಮ್ಮ ಮೆಷಿನ್ನಿಗೆ ನಂಬರ್ ಹಾಕಿ ನೋಡಿ, "ಇದು ಸಸ್ಪೆಂಡ್ ಆಗಿದೆಯಲ್ಲಪ್ಪ" ಅಂದರಂತೆ. ಅಲ್ಲಿಯವರೆಗೆ ಅದು ಸಾಮಾನ್ಯ ಅಪಘಾತ.

ಹಿನ್ನೆಲೆ ಸಂಜೆ ಠಾಣೆಯಲ್ಲಿ ಗೊತ್ತಾಯಿತು. ಹೊಸ ವರ್ಷದ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಸ್ನೇಹಿತರ ಜೊತೆ ಕುಡಿದು ಬೈಕ್ ಓಡಿಸುವಾಗ ಸಿಕ್ಕಿಬಿದ್ದಿದ್ದಾನೆ. ಊದಿಸಿದ್ದಾರೆ, ಮಿತಿ ಮೀರಿದೆ. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ ಆ ಮಿತಿ. ಡಿಎಲ್ ಕಿತ್ತುಕೊಂಡು ಚೀಟಿ ಕೊಟ್ಟಿದ್ದಾರೆ. ಅವನು ಕೋರ್ಟಿಗೆ ಹೋಗಿ ಹತ್ತು ಸಾವಿರ ದಂಡ ಕಟ್ಟಿ ಬಂದಿದ್ದಾನೆ.

"ಅಕ್ಕಾ, ರಸೀದಿ ಇದೆ. ದುಡ್ಡು ಕಟ್ಟಿದ ಮೇಲೆ ಮುಗೀತು ಅಂದ್ಕೊಂಡೆ. ಕಾರ್ಡು ಪೋಸ್ಟಲ್ಲಿ ಬರುತ್ತೆ ಅಂದ್ರು ಯಾರೋ."

ಮುಗಿದಿರಲಿಲ್ಲ. ದಂಡ ಹಾಕಿದ್ದು ಕೋರ್ಟು. ಡಿಎಲ್ ಹೋಗಿದ್ದು ಆರ್‌ಟಿಓಗೆ. ಇವು ಎರಡು ಬೇರೆ ಬೇರೆ ದಾರಿ, ಒಂದರಲ್ಲಿ ದುಡ್ಡು ಕಟ್ಟಿದರೆ ಇನ್ನೊಂದು ಮುಚ್ಚುವುದಿಲ್ಲ. ಕಾಯ್ದೆಯ 206ನೇ ಸೆಕ್ಷನ್ ಪ್ರಕಾರ ಪೊಲೀಸರು ವಶಪಡಿಸಿಕೊಂಡ ಡಿಎಲ್ ಅನ್ನು ಆರ್‌ಟಿಓಗೆ ಕಳಿಸುತ್ತಾರೆ. ಕುಡಿತ, ಅಪಾಯಕಾರಿ ಚಾಲನೆ, ಅತಿವೇಗದಂಥ ಕೇಸುಗಳೆಲ್ಲ ಇದರೊಳಗೆ ಬರುತ್ತವೆ. ಅಲ್ಲಿ 19ನೇ ಸೆಕ್ಷನ್ ಅಡಿ ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹತೆ, ಎರಡನೇ ಸಲಕ್ಕೆ ಡಿಎಲ್ಲೇ ರದ್ದು. ಆದೇಶ ಮಾಡುವ ಮೊದಲು ನಿಮ್ಮ ಮಾತು ಕೇಳಬೇಕು, ಅದಕ್ಕೆ ನೋಟಿಸ್ ಬರುತ್ತದೆ. ಆದೇಶ ಸರಿಯಿಲ್ಲ ಅನ್ನಿಸಿದರೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ನೋಟಿಸ್ ಬಂದಿತ್ತು, ಡಿಎಲ್‌ನಲ್ಲಿದ್ದ ಊರಿನ ವಿಳಾಸಕ್ಕೆ. ಅವನ ತಾಯಿ ಅದನ್ನು ಜೋಪಾನವಾಗಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ಆಮೇಲೆ ಬಂದ ಆದೇಶವೂ ಅದರ ಪಕ್ಕದಲ್ಲೇ ಇತ್ತು, ಎರಡನ್ನೂ ಒಡೆದಿರಲಿಲ್ಲ.

"ಬೈಕಲ್ಲಿ ಮಾಡಿದ್ದಕ್ಕೆ ಗೂಡ್ಸ್ ಗಾಡಿ ಯಾಕೆ ಓಡಿಸಬಾರದು?" ಅಂತ ನಮ್ಮ ಯಜಮಾನರು ಠಾಣೆಯಲ್ಲೇ ಕೇಳಿದರು. ಕೇಳುವಂಥ ಪ್ರಶ್ನೆಯೇ. ಡಿಎಲ್‌ನಲ್ಲಿರುವ ಎಲ್ಲ ಬಗೆಯ ವಾಹನಗಳಿಗೂ ಅನರ್ಹಗೊಳಿಸುವ ಅಧಿಕಾರ ಆರ್‌ಟಿಓಗಿದೆ, ಇವನ ಆದೇಶದಲ್ಲಿ ಹಾಗೇ ಬರೆದಿತ್ತು. ಆ ಅವಧಿಯಲ್ಲಿ ಡಿಎಲ್ ಇದ್ದೂ ಇಲ್ಲದಂತೆ.

ಮಾರನೆಯ ದಿನ ನನ್ನ ಹೆಸರಿಗೆ 133 ನೋಟಿಸ್ ಬಂತು. ಅಪಘಾತದ ವೇಳೆ ನಿಮ್ಮ ಗಾಡಿಯನ್ನು ಯಾರು ಓಡಿಸುತ್ತಿದ್ದರು, ಅವರ ಹೆಸರು, ವಿಳಾಸ, ಡಿಎಲ್ ವಿವರ ಕೊಡಿ ಎನ್ನುವ ನೋಟಿಸ್ ಅದು. ಉತ್ತರ ಕೊಡುವುದು ಮಾಲೀಕರ ಕರ್ತವ್ಯ. ಈ ಕಾಗದ ಕೈಗೆ ಬಂದದ್ದೇ ತಡ, ಬುದ್ಧಿ ಹೇಳುವವರ ಸಾಲು ಶುರುವಾಯಿತು. ಎಲ್ಲರದೂ ಒಂದೇ ಸಲಹೆ: ಡಿಎಲ್ ಸರಿಯಿರೋ ಇನ್ನೊಬ್ಬನ ಹೆಸರು ಬರೆದುಕೊಡಿ. "ಎಲ್ಲರೂ ಮಾಡೋದೇ ಇದು ಕಣಮ್ಮ, ಇನ್ಶೂರೆನ್ಸ್ ಉಳಿಯುತ್ತೆ" ಅಂದರು ಲಾರಿ ಇಟ್ಟುಕೊಂಡಿರುವ ನಮ್ಮ ನೆಂಟರೊಬ್ಬರು. ತಮ್ಮ ಮಗನ ಡಿಎಲ್ಲನ್ನೇ ಕೊಡಲು ತಯಾರಿದ್ದರು, ಪುಣ್ಯಾತ್ಮರು. ಯಜಮಾನರು ಒಂದು ಗಳಿಗೆ ಯೋಚಿಸಿದ್ದೂ ಉಂಟು. ಆದರೆ ಸ್ಥಳದಲ್ಲೇ ಅವನ ನಂಬರ್ ಮೆಷಿನ್ನಿನಲ್ಲಿ ದಾಖಲಾಗಿತ್ತು, ಗಾಯಾಳು ಅವನ ಮುಖ ನೋಡಿದ್ದರು. ಸುಳ್ಳು ಮಾಹಿತಿ ಕೊಟ್ಟಿದ್ದರೆ ದಂಡದಲ್ಲಿ ಮುಗಿಯುವ ಕೇಸು ಮೋಸದ ಕೇಸಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು, ಅವನನ್ನು ಕೆಲಸಕ್ಕೆ ಸೇರಿಸಿಕೊಂಡಾಗ ತೆಗೆದಿಟ್ಟ ಡಿಎಲ್ ಜೆರಾಕ್ಸನ್ನು ಲಗತ್ತಿಸಿ ಕೊಟ್ಟೆ. ಆ ಜೆರಾಕ್ಸಿನ ಮೇಲೆ ಅವನ ಸಹಿ, 2021ರ ತಾರೀಖು ಇದ್ದವು. ಮುಂದೆ ಅದೇ ಹಾಳೆ ಎರಡು ಕೋರ್ಟುಗಳಲ್ಲಿ ನಮ್ಮ ಪರ ನಿಂತಿತು.

ಡ್ರೈವರನಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಗಾಡಿಗೆ ಸಿಗಲಿಲ್ಲ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡಿ, ಗಾಡಿಯಲ್ಲಿ ಯಾಂತ್ರಿಕ ದೋಷವಿಲ್ಲ ಎಂದು ವರದಿ ಕೊಟ್ಟರು. ಆದರೆ ಡಿಎಲ್ ಕೇಸು ಸೇರಿದ್ದರಿಂದ ಕೋರ್ಟಿನ ಆದೇಶ ತನ್ನಿ ಅಂದರು. ಗಾಡಿಯೊಳಗೆ ಬೇರೆಯವರ ಮದುವೆಗೆ ಹೋಗಬೇಕಾದ ಪಾತ್ರೆಗಳು. ಅವನ್ನು ಪಟ್ಟಿ ಮಾಡಿ, ಸಹಿ ಹಾಕಿ, ಬೇರೆ ಟೆಂಪೋಗೆ ತುಂಬಿಸುವ ಹೊತ್ತಿಗೆ ಯಜಮಾನರ ಬಾಯಿಂದ ಬರಬಾರದ ಮಾತೆಲ್ಲ ಬಂದವು. ಗಾಡಿ ಬಿಡಿಸಲು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕಿದೆವು. ಆರ್‌ಸಿ, ಇನ್ಶೂರೆನ್ಸ್, ಬಾಂಡ್ ಪೇಪರಿನಲ್ಲಿ ಮುಚ್ಚಳಿಕೆ, ಜೊತೆಗೊಬ್ಬ ಶ್ಯೂರಿಟಿ. ಶ್ಯೂರಿಟಿಗೆ ಜಮೀನಿನ ಪಹಣಿ ಬೇಕು. ಪಹಣಿಯಲ್ಲಿ ಅಜ್ಜನ ಹೆಸರು ಇನ್ನೂ ಹಾಗೇ ಇರುವ ಮನೆಗಳೇ ನಮ್ಮ ಬಳಗದಲ್ಲಿ ಹೆಚ್ಚು, ಹಾಗಾಗಿ ಸ್ವಂತ ಹೆಸರಿನ ಪಹಣಿ ಇರುವವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಕೇಸು ಮುಗಿಯುವವರೆಗೆ ಗಾಡಿ ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತಿನ ಮೇಲೆ ಬಿಟ್ಟರು.

ಚಾರ್ಜ್‌ಶೀಟ್ ಬಂತು. ಆಗ ಇನ್ನೂ ಐಪಿಸಿ ಇತ್ತು. ಆರೋಪಿ 1, ಡ್ರೈವರ್: ಐಪಿಸಿ 279 (ಅಜಾಗರೂಕ ಚಾಲನೆ), 338, ಮೋಟಾರು ವಾಹನ ಕಾಯ್ದೆಯ 182. ಆರೋಪಿ 2, ನಾನು: ಅದೇ ಕಾಯ್ದೆಯ 5 ಮತ್ತು 180. ಅನರ್ಹಗೊಂಡ ಅವಧಿಯಲ್ಲಿ ಗಾಡಿ ಓಡಿಸಿದರೆ 182ರ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮೊದಲು ಈ ದಂಡ ಬರೀ 500 ಇತ್ತು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ 180ರಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ದಂಡ ಅಥವಾ ಎರಡೂ. ಇದನ್ನೆಲ್ಲ ಓದುವಾಗ ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಅಜಾಗರೂಕತೆಯಿಂದ ಇನ್ನೊಬ್ಬರ ಮೂಳೆ ಮುರಿದದ್ದಕ್ಕೆ 338ರಲ್ಲಿ ಇದ್ದ ದಂಡ ಹೆಚ್ಚೆಂದರೆ ಒಂದು ಸಾವಿರ. ಜೈಲಿನ ಅವಧಿ ಅದರಲ್ಲೇ ಹೆಚ್ಚು ನಿಜ, ಎರಡು ವರ್ಷದವರೆಗೆ. ಆದರೆ ದುಡ್ಡಿನ ಲೆಕ್ಕದಲ್ಲಿ ಮುರಿದ ಕೈಗಿಂತ ಅಮಾನತಾದ ಡಿಎಲ್ಲೇ ಹತ್ತು ಪಟ್ಟು ತೂಕದ್ದು.

ಕೋರ್ಟಿನ ಮೊದಲ ದಿನ ಎಲ್ಲರೂ ಹೇಳಿದ್ದು, "ತಪ್ಪೊಪ್ಪಿಕೊಂಡುಬಿಡಿ ಮೇಡಂ, ಐದು ಸಾವಿರ, ಮಧ್ಯಾಹ್ನಕ್ಕೆ ಮನೆ." ಯಜಮಾನರಿಗೂ ಅದೇ ಇಷ್ಟ. ಹೆಂಗಸು ಕೋರ್ಟಿಗೆ ಅಲೆಯುವುದನ್ನು ಊರು ನೋಡುತ್ತದೆ ಅನ್ನುವ ಸಂಕೋಚವೂ ಅವರಿಗಿತ್ತು. ನಾನೂ ದುಡ್ಡು ತೆಗೆದುಕೊಂಡೇ ಹೋಗಿದ್ದೆ. ತಡೆದದ್ದು ನಮ್ಮ ವಕೀಲರು.

"ಐದು ಸಾವಿರ ಕಟ್ಟಿ ಒಪ್ಪಿಕೊಂಡರೆ ಏನನ್ನು ಒಪ್ಪಿಕೊಂಡ ಹಾಗಾಗುತ್ತೆ ಗೊತ್ತಾ? ಡಿಎಲ್ ಇಲ್ಲ ಅಂತ ಗೊತ್ತಿದ್ದೂ ಗಾಡಿ ಕೊಟ್ಟೆ ಅಂತ. ನಾಳೆ ಆ ಸ್ಕೂಟರಿನವರು ಪರಿಹಾರಕ್ಕೆ ಕೇಸ್ ಹಾಕುತ್ತಾರೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಈ ಆದೇಶದ ನಕಲು ತಂದು ಅಲ್ಲಿ ಇಡುತ್ತಾರೆ. ಇಲ್ಲಿ ಉಳಿಸಿದ ಓಡಾಟಕ್ಕೆ ಅಲ್ಲಿ ಲಕ್ಷಗಟ್ಟಲೆ ಕೊಡಬೇಕಾಗುತ್ತೆ."

ಈ ಒಂದು ಮಾತಿಗಾಗಿಯೇ ನಾನು ಇದನ್ನು ಬರೆಯಲು ಕೂತಿದ್ದು. ಸಣ್ಣ ಗಾಡಿ ಇಟ್ಟುಕೊಂಡಿರುವ ಎಷ್ಟೋ ಮಂದಿ ಇಲ್ಲೇ ದುಡ್ಡು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಪ್ರತಿ ವಾಹನ ವಿಮೆಯಲ್ಲೂ ಡ್ರೈವರ್ ಬಗ್ಗೆ ಒಂದು ಷರತ್ತು ಅಚ್ಚಾಗಿರುತ್ತದೆ: ಓಡಿಸುವವರ ಬಳಿ ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವರು ಅನರ್ಹಗೊಂಡಿರಬಾರದು. ಕಾಯ್ದೆಯ 150ನೇ ಸೆಕ್ಷನ್ ಕೂಡ ಇದೇ ಆಧಾರದ ಮೇಲೆ ಹೊಣೆಯಿಂದ ತಪ್ಪಿಸಿಕೊಳ್ಳುವ ವಾದ ಹೂಡಲು ವಿಮಾ ಕಂಪನಿಗೆ ಅವಕಾಶ ಕೊಡುತ್ತದೆ. ನಮ್ಮ ಗಾಡಿಯ ಹೆಡ್‌ಲೈಟ್, ಬಂಪರ್ ರಿಪೇರಿಗೆ ಹಾಕಿದ ಕ್ಲೇಮನ್ನು ಕಂಪನಿ ಆ ಷರತ್ತು ತೋರಿಸಿಯೇ ವಾಪಸ್ ಕಳಿಸಿತು. ಅದು ಚಿಲ್ಲರೆ ದುಡ್ಡು, ಬಿಟ್ಟೆವು. ಗಾಯಾಳುವಿನ ಪರಿಹಾರ ಚಿಲ್ಲರೆಯಲ್ಲ.

ಅವರು ಆರು ತಿಂಗಳ ಗಡುವಿನೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಸ್ ಹಾಕಿದರು. ಹಾಕಲೇಬೇಕಿತ್ತು. ಡೇರಿಯಲ್ಲಿ ಕ್ಯಾನ್ ಎತ್ತಿ ಇಳಿಸುವ ಕೆಲಸ ಅವರದು, ಕೈ ಮೊದಲಿನಂತೆ ಆಗಿರಲಿಲ್ಲ. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ.

ಕಂಪನಿ ಮೊದಲು ಎತ್ತಿದ್ದು ಬೇರೆ ತಕರಾರು. ಡ್ರೈವರನದು ಲಘು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್, ಗೂಡ್ಸ್ ಗಾಡಿಗೆ ಬೇಕಾದ ಟ್ರಾನ್ಸ್‌ಪೋರ್ಟ್ ನಮೂದು ಇಲ್ಲ ಅಂತ. 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಆ ತಕರಾರು ಅಲ್ಲಿಗೆ ನಿಂತಿತು. ಉಳಿದದ್ದು ಅಮಾನತು.

ಆರ್‌ಟಿಓ ಕಚೇರಿಯಿಂದ ಒಬ್ಬರು ಸಾಕ್ಷಿಗೆ ಬಂದು ಡಿಎಲ್ ಎಕ್ಸ್‌ಟ್ರಾಕ್ಟ್ ಹಾಜರುಪಡಿಸಿದರು. ಅಪಘಾತದ ದಿನ ಲೈಸೆನ್ಸ್ ಅಮಾನತಿನಲ್ಲಿತ್ತು, ಸಂಶಯವೇ ಇಲ್ಲ. ಪ್ರಶ್ನೆ ಇದ್ದದ್ದು ನನಗೆ ಗೊತ್ತಿತ್ತೇ ಎಂಬುದು. ನಮ್ಮ ವಕೀಲರು ನೆಚ್ಚಿಕೊಂಡದ್ದು ಸ್ವರಣ್ ಸಿಂಗ್ ಕೇಸಿನಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು. ಡ್ರೈವರ್ ಬಳಿ ಸರಿಯಾದ ಲೈಸೆನ್ಸ್ ಇರಲಿಲ್ಲ ಎಂದಷ್ಟೇ ತೋರಿಸಿದರೆ ಸಾಲದು, ಮಾಲೀಕರು ತಕ್ಕ ಎಚ್ಚರ ವಹಿಸಲಿಲ್ಲ ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು ಎನ್ನುವುದು ಅದರ ತಿರುಳು. ಅದಕ್ಕೂ ಮೊದಲು 2003ರ ಲೆಹ್ರು ಕೇಸಿನಲ್ಲಿ, ಕೆಲಸಕ್ಕೆ ಸೇರಿಸುವಾಗ ಮಾಲೀಕರು ಲೈಸೆನ್ಸ್ ನೋಡಿ, ಓಡಿಸಲು ಬರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು, ದೇಶದ ಆರ್‌ಟಿಓಗಳಿಗೆಲ್ಲ ಹೋಗಿ ವಿಚಾರಿಸಬೇಕಿಲ್ಲ ಎಂದಿತ್ತು.

ಕಟಕಟೆಯಲ್ಲಿ ನಿಂತಾಗ ಅರ್ಥವಾಯಿತು, ಆ ತೀರ್ಪುಗಳು ಬಂದ ಕಾಲಕ್ಕೂ ಈಗಿನದಕ್ಕೂ ಎಷ್ಟು ಅಂತರ ಅಂತ. ಕಂಪನಿಯ ವಕೀಲರು ಸೌಮ್ಯವಾಗಿಯೇ ಶುರು ಮಾಡಿದರು.

"ಡ್ರೈವರ್ ಸೇರಿದಾಗ ಡಿಎಲ್ ನೋಡಿದ್ದಿರಾ?"

"ನೋಡಿದ್ದೆ. 2034ರವರೆಗೆ ಅವಧಿ ಇತ್ತು. ಜೆರಾಕ್ಸ್ ಕೊಟ್ಟಿದ್ದೇನೆ."

"ಆಮೇಲೆ ಯಾವಾಗಲಾದರೂ ನೋಡಿದ್ದಿರಾ?"

"ಅವಧಿ ಇದ್ದದ್ದರಿಂದ ನೋಡುವ ಸಂದರ್ಭ ಬರಲಿಲ್ಲ."

"ನಿಮ್ಮ ಬಳಿ ಸ್ಮಾರ್ಟ್‌ಫೋನ್ ಇದೆ. ವ್ಯವಹಾರದ ಲೆಕ್ಕ ಅದರಲ್ಲೇ ಇಡುತ್ತೀರಿ. ಡಿಎಲ್ ನಂಬರ್, ಹುಟ್ಟಿದ ತಾರೀಖು ಹಾಕಿದರೆ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಲೈಸೆನ್ಸಿನ ಸ್ಥಿತಿ ಯಾರಿಗಾದರೂ ಕಾಣುತ್ತದೆ ಎಂದರೆ ಸರಿಯೇ?"

"ಸರಿ. ಅದು ಈಗ ಗೊತ್ತು."

"ಆಗಲೂ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದೀರಿ ಎಂದರೆ?"

"ಸರಿಯಲ್ಲ."

ಎದುರಾಳಿಯ ವಕೀಲರಾದರೂ ಅವರ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಮಾನತು, ರದ್ದತಿಯ ವಿವರಗಳನ್ನು ಪೋರ್ಟಲ್‌ನಲ್ಲಿ ಕ್ರಮವಾಗಿ ದಾಖಲಿಸಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಗಾದರೆ ಜೇಬಿನ ಕಾರ್ಡು ಬರೀ ಪ್ಲಾಸ್ಟಿಕ್, ಲೈಸೆನ್ಸ್ ಇರುವುದು ಸರ್ಕಾರದ ಆ ದಾಖಲೆಯಲ್ಲಿ. ಅದು ಎಲ್ಲರ ಫೋನಿನಲ್ಲೂ ತೆರೆಯುವಾಗ ತಕ್ಕ ಎಚ್ಚರ ಅಂದರೆ ಏನು? ಸೇರಿಸಿಕೊಂಡ ದಿನ ನೋಡುವುದೇ, ತಿಂಗಳಿಗೊಮ್ಮೆ ನೋಡುವುದೇ, ಪ್ರತಿ ಬಾಡಿಗೆಗೂ ನೋಡುವುದೇ? ಚಾಲ್ತಿಯಲ್ಲಿದ್ದ ಲೈಸೆನ್ಸ್ ನಡುವೆ ಅಮಾನತಾದರೆ ಮಾಲೀಕರಿಗೆ ಒಂದು ಮೆಸೇಜ್ ಕಳಿಸುವ ಏರ್ಪಾಡು ಇಲ್ಲದಿರುವಾಗ, ಹುಡುಕಿ ನೋಡದವರದೇ ತಪ್ಪು ಅನ್ನುವುದು ನನ್ನ ಮಟ್ಟಿಗೆ ನ್ಯಾಯವಲ್ಲ. ಹತ್ತಾರು ಲಾರಿ ಇಟ್ಟು ಕಚೇರಿ ನಡೆಸುವವರಿಗೆ ಆ ಮಾತು ಹೇಳಬಹುದೇನೋ. ಒಂದು ಗಾಡಿಯ ಶಾಮಿಯಾನ ಅಂಗಡಿಗಲ್ಲ.

ಕ್ರಿಮಿನಲ್ ಕೇಸು ಮೊದಲು ಮುಗಿಯಿತು. ಡ್ರೈವರನಿಗೆ 182ರ ಅಡಿ ಶಿಕ್ಷೆ, 10,000 ದಂಡ. 279, 338ರಲ್ಲಿ ಅವನ ಅಜಾಗರೂಕತೆ ಸಾಬೀತಾಗಲಿಲ್ಲ ಎಂದು ಬಿಡುಗಡೆ. ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಗುದ್ದಿದ್ದು ಅವನದೇ ತಪ್ಪು ಅಂತ ಆಗುವುದಿಲ್ಲ. ಇದು ಗೊತ್ತಿಲ್ಲದ ಬೀದಿ ಪಂಚಾಯಿತಿ ಮೊದಲ ದಿನವೇ ತೀರ್ಪು ಕೊಟ್ಟಾಗಿತ್ತು. ನನ್ನ ವಿಷಯಕ್ಕೆ, ಗೊತ್ತಿದ್ದು ಅನುಮತಿಸಿದರು ಎನ್ನಲು ಸಾಕ್ಷ್ಯವಿಲ್ಲ ಎಂದು ಖುಲಾಸೆ.

ನ್ಯಾಯಮಂಡಳಿಯ ತೂಕವೇ ಬೇರೆ. ಅಲ್ಲಿ ಸಂಶಯಾತೀತ ಸಾಕ್ಷ್ಯ ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂದು ನೋಡುತ್ತಾರೆ. ಹಾಗಾಗಿ ಅಪಘಾತಕ್ಕೆ ಹೆಚ್ಚಿನ ಪಾಲು ನಮ್ಮ ಗಾಡಿಯೇ ಕಾರಣ ಎಂದು ಬಂತು. 2025ರಲ್ಲಿ ಎರಡು ಲಕ್ಷ ಚಿಲ್ಲರೆ ಪರಿಹಾರ, ಬಡ್ಡಿ ಸೇರಿಸಿ ಕಂಪನಿ ಕೊಡಬೇಕು ಎಂಬ ಆದೇಶವಾಯಿತು. ಗಾಯಾಳುವಿಗೆ ಹೇಗಿದ್ದರೂ ದುಡ್ಡು ಸಿಗುತ್ತಿತ್ತು. ಷರತ್ತು ಮುರಿದಿದ್ದರೂ ಕಂಪನಿ ಮೊದಲು ಮೂರನೆಯವರಿಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕು ಎಂದು ನಮ್ಮ ಹೈಕೋರ್ಟಿನ ಪೂರ್ಣಪೀಠ 2020ರಲ್ಲೇ ಹೇಳಿದೆ. ನಮಗೆ ಬೇಕಾಗಿದ್ದು ಆ ವಸೂಲಿಯ ಸಾಲು ತೀರ್ಪಿನಲ್ಲಿ ಇರಬಾರದು ಅನ್ನುವುದು. ಇರಲಿಲ್ಲ. ಆ ಸಾಲು ಇದ್ದಿದ್ದರೆ ಕಂಪನಿ ಹೊಸ ದಾವೆಯನ್ನೂ ಹೂಡಬೇಕಿರಲಿಲ್ಲ, ಅದೇ ಆದೇಶ ಹಿಡಿದು ವಸೂಲಿಗೆ ಅರ್ಜಿ ಹಾಕಿದರೆ ಸಾಕಿತ್ತು. ತೀರ್ಪಿನಲ್ಲಿ 2021ರ ಜೆರಾಕ್ಸಿನ ಪ್ರಸ್ತಾಪವಿದೆ. 180ರಲ್ಲಿ ನಾನು ಒಪ್ಪಿಕೊಳ್ಳದೆ ಖುಲಾಸೆಯಾದ ಪ್ರಸ್ತಾಪವೂ ಇದೆ.

ಡ್ರೈವರ್ ಇನ್ನೂ ನಮ್ಮಲ್ಲೇ ಇದ್ದಾನೆ. ಇದಕ್ಕೆ ಮನೆಯಲ್ಲಿ ಜಗಳವಾಗಿದೆ. "ಕುಡಿದು ಬೈಕ್ ಓಡಿಸಿದವನನ್ನು ಮತ್ತೆ ಗಾಡಿ ಹತ್ತಿಸ್ತೀಯಾ?" ಅಂತ ಅತ್ತೆ ಕೇಳಿದ್ದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅಪಘಾತದ ಸ್ಥಳದಿಂದ ಓಡಿಹೋಗಲಿಲ್ಲವಲ್ಲ ಅಂದೆ. ಅಮಾನತಿನ ಅವಧಿ ಮುಗಿಯುವವರೆಗೆ ಅವನನ್ನು ಗಳ ನೆಡುವ, ಪರದೆ ಕಟ್ಟುವ ಕೆಲಸಕ್ಕೆ ಹಾಕಿದ್ದೆವು. ಮೂರು ತಿಂಗಳು ಕಳೆದರೆ ಕಾರ್ಡು ತಾನಾಗಿ ಮನೆಗೆ ಬರುತ್ತದೆ ಅಂತ ಅವನು ಆಗಲೂ ನಂಬಿದ್ದ. ಪುನಶ್ಚೇತನ ತರಬೇತಿ ಮುಗಿಸಿದ ಮೇಲಷ್ಟೇ ಡಿಎಲ್ ವಾಪಸ್ ಕೊಡಬೇಕು ಎನ್ನುತ್ತದೆ 2019ರ ತಿದ್ದುಪಡಿ. ತರಬೇತಿ ಮುಗಿಸಿ, ಆರ್‌ಟಿಓದಿಂದ ಕಾರ್ಡು ಪಡೆದು, ಪೋರ್ಟಲ್‌ನಲ್ಲಿ ಮತ್ತೆ ಚಾಲ್ತಿ ಎಂದು ತೋರಿಸುವವರೆಗೆ ಬೀಗದ ಕೈ ಕೊಡಲಿಲ್ಲ. ಬೇರೆ ಜಿಲ್ಲೆಯಲ್ಲಿ ಹೊಸ ಡಿಎಲ್ ಮಾಡಿಸಿಕೊಡುತ್ತೇನೆ ಎಂದು ಏಜೆಂಟನೊಬ್ಬ ಅವನ ಬೆನ್ನು ಹತ್ತಿದ್ದ. ಅನರ್ಹಗೊಂಡವರು ಹಾಗೆ ಅರ್ಜಿ ಹಾಕುವುದೂ 182ರೊಳಗೇ ಬರುವ ಅಪರಾಧ ಅಂತ ವಕೀಲರಿಂದ ಹೇಳಿಸಿದ ಮೇಲೆ ಸುಮ್ಮನಾದ.

ಸಂಬಳ ಕೊಡುವ ದಿನ ಅವನ ನಂಬರ್ ಹಾಕಿ ನೋಡುತ್ತೇನೆ. ಆ ಪುಟವನ್ನು ಪ್ರಿಂಟ್ ತೆಗೆದು, ತಾರೀಖು ಬರೆದು, ಅವನ ಸಹಿ ಹಾಕಿಸಿ ಫೈಲಿಗೆ ಸೇರಿಸುತ್ತೇನೆ. ಸೀಸನ್ನಿನಲ್ಲಿ ಬದಲಿ ಡ್ರೈವರ್ ಬಂದರೆ ಅವನಿಗೂ ಅದೇ. ಒಬ್ಬ ಇದನ್ನು ಅವಮಾನ ಅಂದುಕೊಂಡು ಗಾಡಿ ಹತ್ತದೆ ಹೋದ, ಹೋಗಲಿ.

ವಿಮಾ ಕಂಪನಿ ವಸೂಲಿಯ ಹಕ್ಕು ಕೊಡಿ ಎಂದು ಹೈಕೋರ್ಟಿಗೆ ಮೇಲ್ಮನವಿ ಹಾಕಿದೆ. ಅಲ್ಲಿಯೂ ಅದೇ ವಾದ, ಪೋರ್ಟಲ್ ನೋಡಬಹುದಿತ್ತು ಎಂಬುದು. ನೋಟಿಸ್ ನನ್ನ ಹೆಸರಿಗೆ ಬಂದಿದೆ. ಬೆಂಗಳೂರಿನಲ್ಲಿ ಬೇರೆ ವಕೀಲರನ್ನು ಹಿಡಿಯಬೇಕಾಯಿತು. ವಕಾಲತ್ತಿಗೆ ಸಹಿ ಹಾಕಿ, ಆ ಜೆರಾಕ್ಸಿನ ಇನ್ನೊಂದು ನಕಲು ಸೇರಿಸಿ ಕಳಿಸಿದ್ದೇನೆ.